ಪ್ರಾಜೆಕ್ಟ್ ಪಾಠ ಮತ್ತು ನಮ್ಮ ಬಾವಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ನಾನು ಈಗ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಷಯ ಬೋಧಿಸುತ್ತೇನೆ. ಕೊನೆಯ ವರ್ಷದ ತಂಡಗಳ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುವುದು ನನ್ನ ಪಾಲಿನ ಕೆಲಸ. ಔರಾದ್ ತಾಲ್ಲೂಕಿನ ನಮ್ಮ ಮಕ್ಕಳು ಬೀದರಿಗೋ ಭಾಲ್ಕಿಗೋ ಓದಲು ಹೋಗುತ್ತಾರೆ. ಒಂದು ದಿನ ಫೋನ್ ಮಾಡಿ, "ಪ್ರಾಜೆಕ್ಟಿಗೆ ದುಡ್ಡು ಬೇಕು" ಎನ್ನುತ್ತಾರೆ. ಈ ಪ್ರಾಜೆಕ್ಟ್ ಎಂದರೇನು ಎಂಬುದು ತಂದೆತಾಯಿಗಳಿಗೂ ತಿಳಿದಿರಬೇಕು.

ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. 1982ರಲ್ಲಿ ಭಾಲ್ಕಿಯಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಬಂತು. ಅದೇ ಇಂದಿನ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ. ಇವೆರಡೂ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ಪಠ್ಯಕ್ರಮದಲ್ಲಿ ಪ್ರಾಜೆಕ್ಟ್ ಕಡ್ಡಾಯ. ಸಾಮಾನ್ಯವಾಗಿ ನಾಲ್ಕು ಜನ ತಂಡ ಕಟ್ಟಿಕೊಂಡು, ಒಂದು ಸಮಸ್ಯೆ ಹಿಡಿದು, ತಾವೇ ಕೆಲಸ ಮಾಡಿ ತೋರಿಸಬೇಕು; ಪರೀಕ್ಷಕರಿಗೆ ಉತ್ತರ ಹೇಳಬೇಕು.

ಆದರೆ ದೊಡ್ಡ ಊರುಗಳಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ದುಡ್ಡು ಎಣಿಸಿದರೆ ಪ್ರೋಗ್ರಾಂ, ವರದಿ ಎಲ್ಲವನ್ನೂ ಕಟ್ಟಿಕೊಡುತ್ತಾರೆ. ಸೋಯಾ, ಉದ್ದಿನ ರಾಶಿ ಮಾರಿದ ದುಡ್ಡು ಹೀಗೆ ಹೋಗುವುದನ್ನು ಕಂಡಿದ್ದೇನೆ. ದುಡ್ಡು ನಾಳೆ ಬಂದೀತು. ನಾಲ್ಕು ಜನರ ಜೊತೆ ಕೂಡಿ ದುಡಿಯುವ ಕಲಿಕೆ ಮತ್ತೆ ಬಾರದು. "ಇದನ್ನು ಹೀಗೇಕೆ ಮಾಡಿದೆ?" ಎಂದು ಸಂದರ್ಶನದಲ್ಲಿ ಕೇಳಿದಾಗ ಹುಡುಗ ತಲೆ ತಗ್ಗಿಸುತ್ತಾನೆ.

ನಿಜವಾದ ಪ್ರಾಜೆಕ್ಟ್ ಹೇಗಿರುತ್ತದೆ ಎಂಬುದಕ್ಕೆ ನನ್ನ ಒಂದು ತಂಡದ ಮಾತು ಹೇಳುತ್ತೇನೆ. ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯ ಬಾವಿಗಳ ನೀರಿನ ಮಟ್ಟವನ್ನು ಕಂಪ್ಯೂಟರಿನ ಒಂದೇ ನಕ್ಷೆಯಲ್ಲಿ ತೋರಿಸುವುದು ಅವರ ವಿಷಯ. ಮೊದಲ ವಾರವೆಲ್ಲ ಮೊಬೈಲ್ ಆ್ಯಪಿನ ಬಣ್ಣದ ಚರ್ಚೆ. "ಮೊದಲು ಟೇಪು ಹಿಡಿದು ಬಾವಿಗೆ ಹೋಗಿರಿ" ಎಂದೆ. ಹೋಗಿ ಬಂದರು. ಒಬ್ಬ ಬಾವಿಯ ಕಟ್ಟೆಯ ಮೇಲಿನಿಂದ ಅಳೆದಿದ್ದ, ಇನ್ನೊಬ್ಬ ನೆಲದಿಂದ. ಒಬ್ಬರದು ಅಡಿ, ಇನ್ನೊಬ್ಬರದು ಮೀಟರು. ಕಂಪ್ಯೂಟರಿಗೆ 30 ಎಂದರೆ 30 ಅಷ್ಟೇ. ಅಡಿಯೋ ಮೀಟರೋ ಅದಕ್ಕೇನು ಗೊತ್ತು? ನಮ್ಮ ಗಡಿ ಸೀಮೆಯಲ್ಲಿ ಒಂದೇ ಊರಿನ ಹೆಸರನ್ನು ಕನ್ನಡ, ಮರಾಠಿ, ಉರ್ದು ಮಾತಾಡುವವರು ಬೇರೆಬೇರೆ ಹೇಳುತ್ತಾರೆ, ಬೇರೆಬೇರೆ ಬರೆಯುತ್ತಾರೆ. ಕೊನೆಗೆ ನಾಲ್ವರೂ ಕುಳಿತು ಒಂದು ಹಾಳೆಯ ನಿಯಮ ಬರೆದರು: ನೆಲದಿಂದಲೇ ಅಳತೆ, ಮೀಟರಿನಲ್ಲೇ ಲೆಕ್ಕ, ಪ್ರತಿ ಬಾವಿಗೂ ಒಂದು ನಂಬರು, ಅಳೆದ ದಿನಾಂಕ ಕಡ್ಡಾಯ. ನನ್ನ ಲೆಕ್ಕದಲ್ಲಿ ಆ ಹಾಳೆಯೇ ಪ್ರಾಜೆಕ್ಟಿನ ಅರ್ಧ.

ಮುಂದೆ ಇನ್ನೊಂದು ತೊಡಕು. ಮಳೆ ಬಿದ್ದ ಮೇಲೆ ಬೀದರಿನ ಬಾವಿಗಳೂ ಔರಾದ್ ಕಡೆಯ ಬಾವಿಗಳೂ ಒಂದೇ ರೀತಿ ಏರಲಿಲ್ಲ. ಪ್ರೋಗ್ರಾಂ ತಪ್ಪಿರಬೇಕೆಂದು ಹುಡುಗರು ಹುಡುಕಿದರು. ತಂಡದಲ್ಲಿ ಔರಾದ್ ತಾಲ್ಲೂಕಿನ ಒಬ್ಬ ಹುಡುಗಿ ಇದ್ದಳು, ಕನ್ನಡ ಮಾಧ್ಯಮದವಳು. ಇಂಗ್ಲಿಷಿಗೆ ಹೆದರಿ ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಊರಿಗೆ ಹೋದಾಗ ಬಾವಿ ತೋಡುವ ಹಿರಿಯರನ್ನು ಕೇಳಿಕೊಂಡು ಬಂದಳು: ಮುರುಮು ಎಲ್ಲಿ ಮುಗಿಯಿತು, ಕರಿಕಲ್ಲು ಎಲ್ಲಿ ಹತ್ತಿತು? ಬೀದರ್ ನಗರ ಇರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಮಳೆನೀರು ಅದರಲ್ಲಿ ಇಂಗಿ, ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ತೋಡಿ, ಆ ನೀರನ್ನು ತಾನಾಗಿಯೇ ಹರಿಯುವಂತೆ ಮಾಡಿದ್ದು ಈ ತಿಳಿವಳಿಕೆಯಿಂದಲೇ. ಕರಿಮಣ್ಣಿನ ಸೀಮೆಯಲ್ಲಿ ಹಾಗಲ್ಲ. ಹೆಚ್ಚಾಗಿ ಕಲ್ಲು ಸವೆದು ಮುರುಮು ಆದಲ್ಲಿ, ಬಿರುಕಿದ್ದಲ್ಲಿ ನೀರು. ಹುಡುಗಿಯ ಮಾತಿನಂತೆ ಪಟ್ಟಿಯಲ್ಲಿ "ಕಲ್ಲಿನ ಜಾತಿ" ಎಂಬ ಕಾಲಂ ಸೇರಿತು. ನಕ್ಷೆ ಅರ್ಥವಾಯಿತು. ಪರೀಕ್ಷೆಯ ದಿನ ಎಲ್ಲರಿಗಿಂತ ಹೆಚ್ಚು ಉತ್ತರ ಹೇಳಿದವಳೂ ಅವಳೇ. ಇಂಥ ತಿಳಿವಳಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಖರ್ಚಿನ ಚಿಂತೆಗೂ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977-78ರಿಂದ ಆಯ್ಕೆಯಾದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ. ಮಕ್ಕಳು ದುಡ್ಡು ಕೇಳಿದಾಗ ಪಾಲಕರು ಎರಡು ಮಾತು ಕೇಳಿರಿ: "ವಿಷಯ ಯಾವುದು? ಅದರಲ್ಲಿ ನಿನ್ನ ಪಾಲಿನ ಕೆಲಸವೇನು?"

ಕೊನೆಯದಾಗಿ ಈ ಶಾಲೆಗೆ ಒಂದು ವಿನಂತಿ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ 4 ಸಲ ಅಳೆಯುತ್ತದೆ. ಆದರೆ ಎಲ್ಲ ಊರುಗಳಲ್ಲೂ ಅದರ ಬಾವಿಗಳಿಲ್ಲ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ನಾಲ್ಕು ನಾಲ್ಕು ಜನರ ತಂಡ ಮಾಡಿಕೊಂಡು, ಊರಿನ 10 ಬಾವಿಗಳನ್ನು ಗುರುಗಳ ಜೊತೆಯಲ್ಲಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಅಳೆದು ಒಂದು ರಜಿಸ್ಟರಿನಲ್ಲಿ ಬರೆಯಲಿ. ಟೇಪು, ರಜಿಸ್ಟರಿನ ಖರ್ಚು ನಮ್ಮ ಬ್ಯಾಚಿನದು. ಎಲ್ಲಿ ಹೊಸ ಬೋರು ಹಾಕಬೇಕು, ಎಲ್ಲಿ ಹಾಕಬಾರದು ಎಂದು ಪಂಚಾಯಿತಿ ಕೂತಾಗ ಆ ರಜಿಸ್ಟರು ಮುಂದಿರಲಿ. ನೂರನೆಯ ವರ್ಷದ ಉತ್ಸವಕ್ಕೆ ಬರುವವರ ಕೈಯಲ್ಲಿ 50 ವರ್ಷಗಳ ಲೆಕ್ಕವಿರುತ್ತದೆ.