ನಾಲ್ಕು ಪೆಟ್ಟಿನ ಗಿಟಾರು

ಫ್ರೆಡ್ಡಿ ಗ್ರೀನ್ ಎಂಬ ಜಾಝ್ ಗಿಟಾರ್ ವಾದಕರು ಸುಮಾರು ಐವತ್ತು ವರ್ಷ ಒಂದೇ ವಾದ್ಯವೃಂದದಲ್ಲಿ ನುಡಿಸಿದರು. ತನಿಯಾಗಿ ನುಡಿಸಿದ್ದು ತೀರಾ ಅಪರೂಪ. ಆದರೂ ಅವರು ಜಾಝಿನ ಅತಿ ದೊಡ್ಡ ಗಿಟಾರ್ ವಾದಕರ ಸಾಲಿಗೆ ಸೇರಿದವರು ಎಂದೇ ನನ್ನ ನಂಬಿಕೆ.

1911ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ ಗ್ರೀನ್, ಹರೆಯದಲ್ಲೇ ನ್ಯೂಯಾರ್ಕ್ ಸೇರಿದರು. ಹಗಲು ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊದಿಸುವ ಕೆಲಸ; ರಾತ್ರಿ ಕ್ಲಬ್ಬುಗಳಲ್ಲಿ ಗಿಟಾರು. ಅಲ್ಲಿ ಅವರ ವಾದನ ಕೇಳಿದ ಜಾನ್ ಹ್ಯಾಮಂಡ್ ಎಂಬ ಸಂಗೀತಪ್ರೇಮಿ ವೃಂದನಾಯಕ ಕೌಂಟ್ ಬೇಸಿಗೆ ಅವರ ಬಗ್ಗೆ ಹೇಳಿದರು. 1937ರಲ್ಲಿ ಗ್ರೀನ್ ಬೇಸಿಯವರ ವೃಂದಕ್ಕೆ ಬಂದರು. ಪಿಯಾನೋದಲ್ಲಿ ಬೇಸಿ, ಬೇಸ್‌ನಲ್ಲಿ ವಾಲ್ಟರ್ ಪೇಜ್, ಡ್ರಮ್ಸ್‌ನಲ್ಲಿ ಜೋ ಜೋನ್ಸ್, ಜೊತೆಗೆ ಗ್ರೀನ್: ಈ ನಾಲ್ವರ ಲಯದ ಕೂಟಕ್ಕೆ ಸಾಟಿ ಹುಡುಕುವುದು ಕಷ್ಟ.

ಎರಡೇ ವರ್ಷದಲ್ಲಿ ಚಾರ್ಲಿ ಕ್ರಿಶ್ಚಿಯನ್ ವಿದ್ಯುತ್ ಗಿಟಾರಿನಿಂದ ಹೆಸರು ಮಾಡಿದರು. ಆ ಬಳಿಕ ಗಿಟಾರ್ ವಾದಕರೆಲ್ಲ ತುತ್ತೂರಿ, ಸ್ಯಾಕ್ಸೋಫೋನುಗಳ ಎದುರು ನಿಂತು ತನಿ ನುಡಿಸಬಹುದಾಯಿತು. ಗ್ರೀನ್ ಮಾತ್ರ ವಿದ್ಯುತ್ತಿನ ನೆರವಿಲ್ಲದ ದೊಡ್ಡ ಗಿಟಾರನ್ನೇ ಹಿಡಿದು ಕುಳಿತರು. ಅಷ್ಟೊಂದು ಊದುವಾದ್ಯಗಳ ನಡುವೆ ಅದು ಕೇಳಿಸಿದ್ದಾದರೂ ಹೇಗೆ? ತಂತಿಗಳನ್ನು ಫಲಕದಿಂದ ಬಹಳ ಎತ್ತರಕ್ಕೆ ಕಟ್ಟಿ, ಬಿಗಿಯಾಗಿ ಒತ್ತಿ ನುಡಿಸುತ್ತಿದ್ದರು. ಎಡಗೈ ಹಲವು ತಂತಿಗಳ ಮೇಲಿದ್ದರೂ ಎಷ್ಟೋ ಸಲ ಸ್ಪಷ್ಟವಾಗಿ ಮೊಳಗುವುದು ಒಂದೋ ಎರಡೋ ಸ್ವರ; ಉಳಿದ ತಂತಿಗಳಿಂದ ಬರುವುದು ಬರೀ ಪೆಟ್ಟಿನ ಸದ್ದು. ತಂಬೂರಿಯಂತೆ ಎನ್ನೋಣವೆಂದರೆ, ಅದು ಶ್ರುತಿಯನ್ನಷ್ಟೇ ಹಿಡಿಯುತ್ತದೆ. ಈ ಗಿಟಾರು ಮಾತ್ರೆಗೊಂದರಂತೆ ನಾಲ್ಕು ಪೆಟ್ಟು ಹಾಕುತ್ತ ಸ್ವರವನ್ನೂ ಸರಿಸುತ್ತದೆ, ಡ್ರಮ್ಮಿಗೂ ಬೇಸ್‌ಗೂ ನಡುವೆ ಬೆಸುಗೆಯಾಗುತ್ತದೆ.

ಖರ್ಚು ನಿಭಾಯಿಸಲಾಗದೆ 1950ರಲ್ಲಿ ಬೇಸಿ ದೊಡ್ಡ ವೃಂದವನ್ನು ಮುಚ್ಚಿ, ಗ್ರೀನ್ ಇಲ್ಲದ ಚಿಕ್ಕ ತಂಡ ಕಟ್ಟಿದರು. ಗ್ರೀನ್ ಯಾರೂ ಕರೆಯದೆಯೇ ಗಿಟಾರು ಹಿಡಿದು ಬಂದು ತಮ್ಮ ಜಾಗದಲ್ಲಿ ಕುಳಿತರೆಂದು ಜಾಝ್ ವಾದಕರು ಹೇಳುತ್ತಾರೆ. ಆಮೇಲೆ ಅವರನ್ನು ಯಾರೂ ಏಳಿಸಲಿಲ್ಲ. 1984ರಲ್ಲಿ ಬೇಸಿ ತೀರಿಕೊಂಡ ಮೇಲೂ ಗ್ರೀನ್ ವೃಂದದಲ್ಲೇ ಉಳಿದರು, 1987ರಲ್ಲಿ ತಾವು ತೀರಿಕೊಳ್ಳುವವರೆಗೂ.

ಅವರು ರಚಿಸಿದ ‘ಕಾರ್ನರ್ ಪಾಕೆಟ್’ ಸೊಗಸಾಗಿದೆ. ಆದರೆ ಮೊದಲು ಕೇಳಬೇಕಾದದ್ದು ನೀಲ್ ಹೆಫ್ಟಿಯವರ ‘ಲಿಲ್ ಡಾರ್ಲಿನ್’. ಬೇಸಿ ಅದನ್ನು ತೀರಾ ವಿಳಂಬದಲ್ಲಿ ನುಡಿಸಿದರು. ಅಂಥ ನಿಧಾನದಲ್ಲಿ ಲಯ ಕುಸಿಯುವುದು ಬಹು ಸುಲಭ, ಅನುಭವಿಗಳ ಕೈಯೂ ಅಲ್ಲಿ ಆತುರಪಡುತ್ತದೆ. ತುತ್ತೂರಿಗಳು ಉಸಿರು ಹಿಡಿದು ಕಾಯುವ ಜಾಗಗಳಲ್ಲಿ ಕಿವಿಯನ್ನು ಕೆಳಗಿಳಿಸಿ ಕೇಳಿ: ಗ್ರೀನ್ ಅವರ ಒಂದೊಂದು ಪೆಟ್ಟೂ ಹಿಂದೆ ಬೀಳದೆ, ಮುಂದೆ ನುಗ್ಗದೆ ತನ್ನ ಮಾತ್ರೆಯ ಮೇಲೆ ಬಂದು ಕೂರುತ್ತದೆ.