ಆಂಟಿವೈರಸ್ ಸೈಟ್ ತೆರೀತಾನೇ ಇಲ್ಲೇನು? ಫೋನ್ ಕೈಗೆ ತಗೋರಿ

ಇವತ್ತಿನ ವಿಷಯ ಕಂಪ್ಯೂಟರ್ ವೈರಸ್. "ನನ್ನ ಹತ್ರ ಫೋನ್ ಅಷ್ಟೇ ಐತಿ" ಅಂತ ಸ್ಕಿಪ್ ಮಾಡಬ್ಯಾಡ್ರಿ, ಈ ಕೆಲಸಕ್ಕೆ ಬೇಕಾಗಿರೋದೇ ನಿಮ್ಮ ಫೋನ್.

ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಊರಿಗೆ ಹೋದರೂ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಅಂದ್ರೆ ಊರಿನ ಪೆನ್‌ಡ್ರೈವ್‌ಗಳಿಗೆಲ್ಲ ಬಸ್ ಸ್ಟ್ಯಾಂಡ್ ಇದ್ದಂಗ. ಅಲ್ಲಿ ಮಾರ್ಕ್ಸ್ ಕಾರ್ಡ್ ಪ್ರಿಂಟ್ ತೆಗೆಸಿ, ಅದೇ ಪೆನ್‌ಡ್ರೈವ್ ತಂದು ಕಾಕಾನ ಗೊಬ್ಬರದ ಅಂಗಡಿ ಕಂಪ್ಯೂಟರಿಗೆ ಚುಚ್ಚಿದರೆ ಮುಗೀತು. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣ್ತಾವ. "ತಮ್ಮಾ, ನೀ ಕಂಪ್ಯೂಟರ್ ಕಲ್ತಿದಿಯಲ್ಲ, ಒಂದೀಟು ನೋಡ್ ಬಾ" ಅಂತ ಕರೆ ಬರುತ್ತೆ. ಹೋಗಿ ನೋಡಿದ್ರೆ ಯೂಟ್ಯೂಬ್ ತೆರೆಯುತ್ತೆ, ಆಂಟಿವೈರಸ್ ಸೈಟ್ ಮಾತ್ರ ತೆರೆಯಂಗಿಲ್ಲ.

ಇದನ್ನ ವೈರಸ್ ಬೇಕಂತಲೇ ಮಾಡುತ್ತೆ. 2008ರ ನವೆಂಬರ್‌ನಲ್ಲಿ ಕಾನ್‌ಫಿಕರ್ ಅನ್ನೋ ವರ್ಮ್ ಬಂತು, ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕಂಪ್ಯೂಟರ್‌ಗಳಿಗೆ ಹಬ್ಬಿತು. ಪೆನ್‌ಡ್ರೈವ್ ಮೂಲಕವೂ ಹರಡ್ತಿತ್ತು. ಅದರೊಳಗೆ ಒಂದು ಹೆಸರುಗಳ ಪಟ್ಟಿ ಇತ್ತು: ಮೈಕ್ರೋಸಾಫ್ಟ್, ಕ್ಯಾಸ್ಪರ್‌ಸ್ಕೀ, ನಮ್ಮ ಪುಣೆಯ ಕ್ವಿಕ್ ಹೀಲ್ ಕೂಡ. ಈ ಹೆಸರಿರೋ ವಿಳಾಸ ಟೈಪ್ ಮಾಡಿದರೆ ಸೈಟ್ ತೆರೆಯದಂಗ ತಡೆಯೋದು. ಅಂದ್ರೆ ರೋಗವೇ ಔಷಧ ಅಂಗಡಿಯ ಬಾಗಿಲಿಗೆ ಬೀಗ ಹಾಕಿದ ಹಾಗೆ. ಕೆಲವು ವೈರಸ್ ವಿಂಡೋಸ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಆ ಸೈಟ್‌ಗಳಿಗೆ ಸುಳ್ಳು ವಿಳಾಸ ಬರೆದಿಡ್ತಾವ. ಇನ್ನು ಕೆಲವು ಆಂಟಿವೈರಸ್‌ನ ಫೈಲ್ ಹೆಸರು ಕಂಡ ತಕ್ಷಣ ಅದನ್ನ ಬಂದ್ ಮಾಡ್ತಾವ.

ಪರೀಕ್ಷೆ ಸುಲಭ ಐತಿ. ಕಂಪ್ಯೂಟರನ್ನ ನಿಮ್ಮ ಹಾಟ್‌ಸ್ಪಾಟ್‌ಗೆ ಹಾಕ್ರಿ. ಅದೇ ಸೈಟ್ ಫೋನಿನಲ್ಲಿ ತೆರೆದು, ಕಂಪ್ಯೂಟರಿನಲ್ಲಿ ತೆರೀಲಿಲ್ಲ ಅಂದ್ರೆ ಸಂಶಯ ಕಂಪ್ಯೂಟರ್ ಮ್ಯಾಲೆ, ನೆಟ್‌ವರ್ಕ್ ಮ್ಯಾಲಲ್ಲ. ನೋಡಿದ ಕೂಡ್ಲೇ ಹಾಟ್‌ಸ್ಪಾಟ್ ಬಂದ್ ಮಾಡ್ರಿ.

ಇಲ್ಲಿ ಬಹಳ ಜನ ರಿಪೇರಿ ಅಂಗಡಿಗೆ ಓಡ್ತಾರೆ, ಅಲ್ಲಿ ಸಿಗೋ ಮೊದಲ ಉತ್ತರ "ಫಾರ್ಮ್ಯಾಟ್ ಹೊಡ್ಯೂಣು". ನಾನು ಬಿಕಾಂ ಓದಿದವನು, ನನಗೆ ಈ ಮಾತು ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಆ ಗೊಬ್ಬರದ ಅಂಗಡಿ ಟ್ಯಾಲಿಯಲ್ಲಿ ಏನೈತಿ ಗೊತ್ತಾ? "ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಡ್ತೀನಿ" ಅಂದವರ ವರ್ಷದ ಉದ್ರಿ ಲೆಕ್ಕ. 20ನೇ ತಾರೀಖಿಗೆ ಜಿಎಸ್‌ಟಿ 3ಬಿ ತುಂಬಬೇಕು. ಅವಸರಕ್ಕೆ ಫಾರ್ಮ್ಯಾಟ್ ಮಾಡಿದರೆ ವೈರಸ್ ಜೊತೆ ಉದ್ರಿ ಲೆಕ್ಕವೂ ಹೋಗುತ್ತೆ. ಶಾರ್ಟ್‌ಕಟ್ ವೈರಸ್ ಆದ್ರೆ ಸಾಮಾನ್ಯವಾಗಿ ಫೈಲ್ ಅಳಿಸಿರೋದಿಲ್ಲ, ಬಚ್ಚಿಟ್ಟಿರುತ್ತೆ ಅಷ್ಟೇ. ಮೊದಲು ಟ್ಯಾಲಿಯ ಡೇಟಾ ಫೋಲ್ಡರ್ ಮಾತ್ರ ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಎತ್ತಿಡ್ರಿ.

ಆಮೇಲೆ ವಿಂಡೋಸ್ 10 ಅಥವಾ 11 ಇದ್ದರೆ, ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಇರುತ್ತೆ. ಅದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳೋದಕ್ಕಿಂತ ಮೊದಲೇ ಹುಡುಕುತ್ತೆ. ಸುಮಾರು 15 ನಿಮಿಷ. ವಿಂಡೋಸ್ ಎದ್ದಿರೋದಿಲ್ಲ, ಹಾಗಾಗಿ ವೈರಸ್‌ಗೆ ಬಚ್ಚಿಟ್ಟುಕೊಳ್ಳೋದು ಕಷ್ಟ.

ಅದನ್ನೂ ವೈರಸ್ ತಡೆದರೆ ಫೋನಿನ ಕೆಲಸ ಶುರು. ಫೋನಿನಲ್ಲಿ ಮೈಕ್ರೋಸಾಫ್ಟ್ ಸೈಟಿಗೆ ಹೋಗಿ ಸೇಫ್ಟಿ ಸ್ಕ್ಯಾನರ್ ಡೌನ್‌ಲೋಡ್ ಮಾಡ್ರಿ. ಉಚಿತ. ಡಾಟ್ ಇಎಕ್ಸ್‌ಇ ಫೈಲ್ ಆಂಡ್ರಾಯ್ಡ್‌ನಲ್ಲಿ ಓಡಂಗಿಲ್ಲ, ಫೋನ್ ಬರೀ ಹೊತ್ತೊಯ್ಯೋ ಗಾಡಿ. ಹೆಸರು ಬದಲಿಸಿ, ಬೇಕಾದರೆ "ಕರದಂಟು" ಅಂತಿಡ್ರಿ, ಕೊನೆಯ ಇಎಕ್ಸ್‌ಇ ಮಾತ್ರ ಹಂಗೇ ಇರಲಿ. ಒಟಿಜಿ ಹಾಕಿ ಖಾಲಿ ಪೆನ್‌ಡ್ರೈವ್‌ಗೆ ಕಳಿಸಿ, ಕಂಪ್ಯೂಟರಿನಲ್ಲಿ ಓಡಿಸ್ರಿ. ಡೌನ್‌ಲೋಡ್ ಮಾಡಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತೆ, ಹಳೇದು ಇಟ್ಟುಕೊಂಡು ಉಪಯೋಗ ಇಲ್ಲ.

ಸರ್ಕಾರದ್ದೂ ಒಂದೈತಿ, ಯಾರೂ ಹೇಳೋದಿಲ್ಲ. ಸರ್ಟ್-ಇನ್ ಸಂಸ್ಥೆ 2017ರ ಫೆಬ್ರುವರಿ 21ರಂದು ಸೈಬರ್ ಸ್ವಚ್ಛತಾ ಕೇಂದ್ರ ಶುರು ಮಾಡ್ತು. ಅಲ್ಲಿ ಭಾರತದ ಆಂಟಿವೈರಸ್ ಕಂಪನಿಗಳ ಉಚಿತ ಬಾಟ್ ರಿಮೂವಲ್ ಟೂಲ್‌ಗಳು ಸಿಗ್ತಾವ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬ್ಯಾಡ್ರಿ. ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್ ಅಂತ ನೀವೇ ಟೈಪ್ ಮಾಡ್ರಿ. (ಹೌದು, ಸಿಎಸ್‌ಕೆ. ಆರ್‌ಸಿಬಿ ಫ್ಯಾನ್ಸ್ ಸ್ವಲ್ಪ ಸಹಿಸಿಕೊಳ್ರಿ.)

ಸ್ಕ್ರೀನ್ ತುಂಬ ಕೆಂಪಾಗಿ "ಈ ನಂಬರಿಗೆ ಕರೆ ಮಾಡಿ" ಅಂತ ಬಂದರೆ ಮಾಡಬ್ಯಾಡ್ರಿ. ಮಾಡಿ ಎನಿಡೆಸ್ಕ್ ಹಾಕ್ಕೊಂಡು ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಹೇಳ್ರಿ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಬಗ್ಗೆ ಕೇಳೋದೇ ಬ್ಯಾಡ.

ಸ್ಕ್ಯಾನ್ ಮುಗಿದ ಮೇಲೂ ಆ ಪೆನ್‌ಡ್ರೈವ್ ಸೋಂಕಿತ ಅಂತಲೇ ತಿಳ್ಕೊಳ್ರಿ. ಒಟಿಜಿ ಹಾಕಿ ಫೋನಿನಲ್ಲೇ ಫಾರ್ಮ್ಯಾಟ್ ಮಾಡ್ರಿ. ಮುಂದಿನ ಸಲ ಝೆರಾಕ್ಸ್ ಅಂಗಡಿಗೆ ಹೋಗೋದಾದ್ರೆ ಪೆನ್‌ಡ್ರೈವ್ ಮನೆಯಲ್ಲೇ ಬಿಟ್ಟು, ಪಿಡಿಎಫ್ ಮೇಲ್ ಮಾಡಿ ಪ್ರಿಂಟ್ ತಗೋರಿ.