ಬೆಳೆದ ಮಗನ ಕಾಯಿಲೆಯೂ ತಂದೆತಾಯಿಗಳೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರಾದವರು ಪರೀಕ್ಷಾ ಫಲಿತಾಂಶವನ್ನೂ ಕಟ್ಟಡನಿಧಿಯನ್ನೂ ಕುರಿತು ಮಾತನಾಡುವುದು ವಾಡಿಕೆ. ಅವೆಲ್ಲ ವರದಿಯಲ್ಲಿ ಅಚ್ಚಾಗಿವೆ. ನಾವು ಇಂದು ನಮ್ಮ ಮನೆಯ ಒಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಇದೇ ಶಾಲೆಯಲ್ಲಿ ಓದಿ, ಈಗ ಹೊಸೂರಿನಲ್ಲಿ ಡಿಪ್ಲೊಮಾ ವ್ಯಾಸಂಗ ಮಾಡುತ್ತಿರುವ ನಮ್ಮ ಮಗನಿಗೆ ಮೂತ್ರಪಿಂಡಗಳ ದೀರ್ಘಕಾಲದ ಕಾಯಿಲೆಯಿದೆ. ಅವನಿಗೆ ೧೯ ವರ್ಷ. ಇದನ್ನು ಸಭೆಯಲ್ಲಿ ಹೇಳಬಹುದೇ ಎಂದು ಅವನನ್ನೇ ಕೇಳಿದೆವು. ‘ಹೇಳಿ ಅಪ್ಪಾ. ಊರಿಗೆಲ್ಲ ಅರ್ಧಂಬರ್ಧ ಗೊತ್ತಿರುವುದಕ್ಕಿಂತ ಪೂರ್ತಿ ಗೊತ್ತಾಗಲಿ’ ಎಂದನು.

ಮೊದಲು ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮುಷ್ಟಿಯ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ೧೦ ಲಕ್ಷ ಸೂಕ್ಷ್ಮ ಶೋಧಕಗಳು. ಇವು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳುಹಿಸುತ್ತವೆ. ಹಾಳಾದ ಶೋಧಕ ಮತ್ತೆ ಹುಟ್ಟುವುದಿಲ್ಲ; ಅದರ ಹೊರೆಯನ್ನು ಉಳಿದವು ಹೊರುತ್ತವೆ. ಆದುದರಿಂದಲೇ ಈ ಕಾಯಿಲೆ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ನಮ್ಮ ಮಗನ ಕಣ್ಣುಗಳ ಸುತ್ತ ಬೆಳಿಗ್ಗೆ ಊದಿಕೊಂಡಿರುತ್ತಿತ್ತು. ಮೂತ್ರದಲ್ಲಿ ನೊರೆ ಬರುತ್ತಿತ್ತು. ರಾತ್ರಿ ಓದಿ ನಿದ್ದೆಗೆಟ್ಟಿದ್ದಾನೆಂದು ನಾವೇ ತೀರ್ಮಾನಿಸಿಕೊಂಡೆವು. ಮೂತ್ರದ ಒಂದು ಸಾಮಾನ್ಯ ಪರೀಕ್ಷೆ, ರಕ್ತದೊತ್ತಡದ ಒಂದು ಅಳತೆ, ಇಷ್ಟಕ್ಕೆ ಒಂದು ವರ್ಷ ತಡಮಾಡಿದೆವು. ಬಿ.ಎ., ಬಿ.ಟಿ. ಓದಿದವರ ಮನೆಯಲ್ಲಿ ನಡೆದ ಸಂಗತಿಯಿದು.

ಕಾಯಿಲೆಯ ಹೆಸರು ತಿಳಿದಾಗ ಅವನಿಗೆ ೧೬. ಅಂದಿನಿಂದ ವರದಿಗಳ ಕಡತ ನಮ್ಮ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ನಮ್ಮ ಜೇಬಿನಲ್ಲಿ. ಮಾತ್ರೆಯನ್ನು ಅವನ ಅಂಗೈಯಲ್ಲಿಟ್ಟು ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದೆವು. ಅವನ ತಾಯಿಯವರು ತರಕಾರಿಯನ್ನು ಹೆಚ್ಚಿ ನೆನೆಹಾಕಿ, ಬೇಯಿಸಿ, ಬಸಿದ ನೀರನ್ನು ಚೆಲ್ಲತೊಡಗಿದರು. ಬಸ್ಸಾರು ಉಣ್ಣುವ ಸೀಮೆಯಲ್ಲಿ ಬಸಿದ ನೀರನ್ನು ಚೆಲ್ಲುವುದು ಎಂತಹ ಸಂಕಟವೆಂಬುದು ಇಲ್ಲಿರುವ ತಾಯಂದಿರಿಗೆ ಗೊತ್ತು. ಆದರೆ ಪೊಟ್ಯಾಸಿಯಂ ಎಂಬ ಲವಣ ಆ ನೀರಿಗೆ ಇಳಿದಿರುತ್ತದೆ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ದೇಹ ತಂಪಾಗಲೆಂದು ಮಾಲೂರಿನ ಬಂಧುಗಳು ಪ್ರೀತಿಯಿಂದ ತಂದ ಎಳನೀರನ್ನೂ ಈ ಕಾರಣಕ್ಕಾಗಿಯೇ ಹಿಂದಕ್ಕೆ ಕೊಡಬೇಕಾಯಿತು. ಅವರು ಬೇಸರಪಟ್ಟರು.

ಇಷ್ಟೆಲ್ಲ ಕಾವಲಿದ್ದೂ, ಹೋದ ಬೇಸಗೆಯಲ್ಲಿ ಹಿತ್ತಲಿನ ಗೋಡೆಯ ಹಿಂದೆ ನಾಲ್ಕು ಮಾವಿನ ವಾಟೆಗಳು ಸಿಕ್ಕಿದವು. ಗದರಿಸಿದೆವು. ಅವನು ತಲೆತಗ್ಗಿಸಲಿಲ್ಲ. ‘ಬೇಡವೆಂದು ಹೇಳಿದಿರಿ. ಏಕೆ ಬೇಡವೆಂದು ಒಂದು ದಿನವಾದರೂ ಹೇಳಿದಿರಾ?’ ಎಂದನು. ಹೇಳಿರಲಿಲ್ಲ. ಇತರರ ಮಕ್ಕಳಿಗೆ ಇಪ್ಪತ್ತು ವರ್ಷ ವಿಜ್ಞಾನ ಪಾಠ ಹೇಳಿದವರು ಸ್ವಂತ ಮಗನಿಗೆ ಅವನ ರಕ್ತದ ಪಾಠವನ್ನು ಹೇಳಿರಲಿಲ್ಲ.

ಮರುತಿಂಗಳು ಬೆಂಗಳೂರಿನಲ್ಲಿ ವೈದ್ಯೆಯವರು ಅವನನ್ನು, ‘ನಿಮ್ಮ ಕ್ರಿಯಾಟಿನಿನ್ ಹೋದಸಲ ಎಷ್ಟಿತ್ತು?’ ಎಂದು ಕೇಳಿದರು. ನಾವು ಉತ್ತರ ಕೊಟ್ಟೆವು. ‘ಮೇಷ್ಟ್ರೇ, ನಾನು ಕೇಳಿದ್ದು ಅವರನ್ನು’ ಎಂದರು ಆಕೆ. ತರಗತಿಯಲ್ಲಿ ಒಬ್ಬ ಹುಡುಗನನ್ನು ಪ್ರಶ್ನೆ ಕೇಳಿದಾಗ ಪಕ್ಕದವನು ಬಾಯಿಹಾಕಿದರೆ ನಾವು ಸಹಿಸುವವರಲ್ಲ. ಅಂದು ಆ ಪಕ್ಕದವರು ನಾವೇ ಆಗಿದ್ದೆವು. ಬದಲಿ ಮೂತ್ರಪಿಂಡ ಪಡೆದವರಲ್ಲಿಯೂ ಅದು ಕೈಕೊಡುವ ಅಪಾಯ ಸುಮಾರು ೧೭ರಿಂದ ೨೪ರ ವಯಸ್ಸಿನಲ್ಲಿ ವಿಶೇಷವಾಗಿ ಹೆಚ್ಚೆಂದೂ, ತಂದೆತಾಯಿಗಳ ಕೈಯಿಂದ ಬಿಡಿಸಿಕೊಂಡವರು ಮಾತ್ರೆ ತಪ್ಪಿಸುವುದು ಅದಕ್ಕೊಂದು ಕಾರಣವೆಂದೂ ಅವರೇ ವಿವರಿಸಿದರು.

ಕಡತವನ್ನು ಅವನಿಗೆ ಕೊಟ್ಟೆವು. ಒಂದೇ ದಿನದಲ್ಲಿ ಅಲ್ಲ; ನಮ್ಮಿಂದ ಆಗಲಿಲ್ಲ. ಮೊದಲು ಇಂಗ್ಲಿಷಿನ ವರದಿಯನ್ನು ಇಬ್ಬರೂ ಕುಳಿತು ಓದಿ, ಅವನು ಕನ್ನಡದಲ್ಲಿ ತನ್ನ ಪುಸ್ತಕಕ್ಕೆ ಬರೆದುಕೊಂಡನು. ಆಮೇಲೆ ಮಾತ್ರೆಗಳ ಡಬ್ಬಿ. ಎರಡು ಸಲ ತಪ್ಪಿಸಿದನು, ನಮಗೆ ಗೊತ್ತಾಯಿತು, ನಾವು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆವು. ‘ಮಗನನ್ನು ಕೈಬಿಟ್ಟಿರಿ’ ಎಂದು ಅವನ ತಾಯಿಯವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಹತ್ತು ವರ್ಷದ ಮಗುವಾಗಿದ್ದರೆ ನಾವೂ ಡಬ್ಬಿಯನ್ನು ಬಿಡುತ್ತಿರಲಿಲ್ಲ. ಮೂರನೆಯ ಸಲ ತಪ್ಪಿದಾಗ ಅವನೇ ಬಂದು ಹೇಳಿದನು.

ಮುಂದೇನು ಎಂಬ ಪ್ರಶ್ನೆ ಮನೆಯಲ್ಲಿ ಇದ್ದೇ ಇದೆ. ೨೦೨೧ನೆಯ ಆಗಸ್ಟ್ ೫ರಂದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನೂ, ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲಿಯೇ ಮಾಡಿಕೊಳ್ಳುವ ಡಯಾಲಿಸಿಸ್ ಚೀಲಗಳನ್ನೂ ಬಾಗಿಲಿಗೆ ತಲುಪಿಸುವುದು ಅದರ ಕೆಲಸಗಳಲ್ಲಿ ಸೇರಿದೆ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ನಮ್ಮ ಮನೆಯಲ್ಲಿ ಅದನ್ನು ಕನ್ನಡದ ಅರ್ಥದಲ್ಲಿಯೇ ಓದಿಕೊಂಡೆವು. ಮೂತ್ರಪಿಂಡದ ಕಸಿಯೂ ಹೊಸತಲ್ಲ. ೧೯೫೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಯಶಸ್ವಿಯಾಯಿತು. ೧೯೭೧ರಲ್ಲಿ ನಮ್ಮ ಸಮೀಪದ ವೆಲ್ಲೂರಿನಲ್ಲಿ ನಡೆಯಿತು. ೧೯೯೪ರ ಕಾಯಿದೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡಹೆಂಡಿರನ್ನು ಹತ್ತಿರದ ಬಂಧುಗಳಾದ ದಾನಿಗಳೆಂದು ಹೆಸರಿಸಿದೆ. ತಮ್ಮದನ್ನು ಕೊಡುವುದಾಗಿ ಅವನ ತಾಯಿಯವರು ನಿಶ್ಚಯಿಸಿಯಾಗಿದೆ. ಅವನು ಇನ್ನೂ ಒಪ್ಪಿಲ್ಲ. ‘ಅಮ್ಮನದು ಬೇಡ’ ಎನ್ನುತ್ತಾನೆ. ಕಾರಣ ಕೇಳಿದರೆ ಎದ್ದು ಹೋಗುತ್ತಾನೆ. ಅವನ ಮೂತ್ರಪಿಂಡಗಳಲ್ಲಿ ಇನ್ನೂ ಕಾಲುಭಾಗದಷ್ಟು ಶಕ್ತಿಯಿದೆ, ಅಷ್ಟರವರೆಗೆ ಕೇಳದಿರಲು ನಾವು ಕಲಿಯುತ್ತಿದ್ದೇವೆ.

ಹೋದ ತಿಂಗಳು ಅವನು ಒಬ್ಬನೇ ಬೆಂಗಳೂರಿಗೆ ಹೊರಟನು. ಕಡತ ಚೀಲದಲ್ಲಿತ್ತು. ನಾವು ಬೇರಿಕೆಯ ಬಸ್ ನಿಲ್ದಾಣದ ತನಕ ಹೋಗಿ, ಬಸ್ಸು ತಿರುವು ದಾಟುವವರೆಗೆ ನಿಂತಿದ್ದೆವು. ಅಂದು ಮೂರನೆಯ ಅವಧಿಯಲ್ಲಿ ಏನು ಪಾಠ ಮಾಡಿದೆವೆಂಬುದನ್ನು ಒಂಬತ್ತನೆಯ ತರಗತಿಯವರೇ ಹೇಳಬೇಕು. ಕತ್ತಲಾದ ಮೇಲೆ ಬಂದನು. ಚಪ್ಪಲಿ ಬಿಡುತ್ತಲೇ, ‘೩.೧, ಹೋದಸಲದಷ್ಟೇ’ ಎಂದನು. ಆಮೇಲೆ, ‘ಅಮ್ಮಾ, ಊಟಕ್ಕೆ ಏನು?’ ಎಂದು ಕೇಳಿ, ಕಡತವನ್ನು ತನ್ನ ಪುಸ್ತಕಗಳ ಮೇಲಿಟ್ಟನು.